ಕೋರಂ ಇಲ್ಲದ ಅರ್ಧ ಗಂಟೆ

ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ವಾರ್ಷಿಕ ಮಹಾಸಭೆ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಸರಿಯಾಗಿ ಆರಂಭವಾಗುತ್ತದೆ ಎಂದು ಪ್ರತಿ ವರ್ಷ ನೋಟಿಸಿನಲ್ಲಿ ಇರುತ್ತದೆ. ನೋಟಿಸು ಬರೆಯುವವನು ನಾನೇ ಆದ್ದರಿಂದ ಅದು ಸುಳ್ಳೆಂಬುದು ನನಗೆ ಎಲ್ಲರಿಗಿಂತ ಮೊದಲು ಗೊತ್ತಿರುತ್ತದೆ. ಹತ್ತೂವರೆಗೆ ಅಲ್ಲಿರುವುದು ಮೂರೇ ಜನ: ಅಧ್ಯಕ್ಷರು, ನಾನು ಮತ್ತು ಶಾಮಿಯಾನದವನು. ಶಾಮಿಯಾನದವನು ಹೋದ ವರ್ಷದ ಬಾಕಿಗೆ ಬಂದಿರುತ್ತಾನೆ. ಹತ್ತು ಮುಕ್ಕಾಲಿಗೆ ಖಜಾಂಚಿಗಳು ಲೆಕ್ಕದ ಪುಸ್ತಕವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬರುತ್ತಾರೆ. ಅವರ ಹಿಂದೆ ಮೂಲೆಮನೆ ಮೇಷ್ಟ್ರು, ಮೂರನೇ ಕ್ರಾಸಿನ ಮೇಡಂ, ಮನೆಯಲ್ಲಿ ಟೀವಿ ರಿಪೇರಿಗೆ ಹೋಗಿರುವ ಇಬ್ಬರು ನಿವೃತ್ತರು. ಒಟ್ಟು ಎಂಟು. ಐವತ್ತು ಪ್ಲಾಸ್ಟಿಕ್ ಕುರ್ಚಿಗಳ ನಡುವೆ ಎಂಟು ಜನ ಕೂತರೆ ಹೇಗಿರುತ್ತದೆಂದರೆ, ಹೆಣ್ಣಿನ ಕಡೆಯವರು ಇನ್ನೂ ಬಾರದ ನಿಶ್ಚಿತಾರ್ಥದ ಹಾಗೆ.

ಆಗ ಅಧ್ಯಕ್ಷರು ಎದ್ದು ನಿಲ್ಲುತ್ತಾರೆ. ಗಡಿಯಾರ ನೋಡುತ್ತಾರೆ. ಕನ್ನಡಕ ತೆಗೆದು ಮತ್ತೆ ಹಾಕಿಕೊಳ್ಳುತ್ತಾರೆ. "ಕೋರಂ ಇಲ್ಲದ ಕಾರಣ ಸಭೆಯನ್ನು ಅರ್ಧ ಗಂಟೆ ಮುಂದೂಡಲಾಗಿದೆ" ಎಂದು ಘೋಷಿಸಿ, ಎದ್ದ ಕುರ್ಚಿಯಲ್ಲೇ ಕೂರುತ್ತಾರೆ.

ನಮ್ಮ ಬೈಲಾ ಬರೆದ ಪುಣ್ಯಾತ್ಮ ಯಾರೋ, ಮನುಷ್ಯ ಸ್ವಭಾವವನ್ನು ಅರೆದು ಕುಡಿದಿದ್ದವನು. ಸಂಘಕ್ಕೆ 132 ಸದಸ್ಯರು, ಕೋರಂಗೆ ಮೂರನೇ ಒಂದು ಭಾಗ, ಅಂದರೆ 44. ಅಷ್ಟು ಜನ ಸೇರದಿದ್ದರೆ ಸಭೆ ಅರ್ಧ ಗಂಟೆ ಮುಂದಕ್ಕೆ ಹೋಗತಕ್ಕದ್ದು; ಆಮೇಲೆ ಅದೇ ಜಾಗದಲ್ಲಿ ಎಷ್ಟು ಜನ ಇರುತ್ತಾರೋ ಅಷ್ಟೇ ಕೋರಂ. ಅಂದರೆ ಹತ್ತು ಮುಕ್ಕಾಲಿಗೆ ಲೆಕ್ಕಕ್ಕಿಲ್ಲದ ಎಂಟು ಜನ ಹನ್ನೊಂದೂಕಾಲಿಗೆ ಇಡೀ ಬಡಾವಣೆ ಆಗಿಬಿಡುತ್ತಾರೆ. ನಡುವೆ ಅವರು ಮಾಡಬೇಕಾದದ್ದು ಇಷ್ಟೇ, ಎದ್ದು ಹೋಗದೆ ಇರುವುದು. ಕೋರಂ ಎಂಬುದು ಲ್ಯಾಟಿನ್ ಮಾತಂತೆ, ಅದರ ಅರ್ಥ ಹೆಚ್ಚುಕಡಿಮೆ 'ಯಾರ ಪೈಕಿ' ಎಂದು. ಇದನ್ನು ಮೇಷ್ಟ್ರು ಹೇಳಿದಾಗ ನನಗೆ ರೋಮಾಂಚನವಾಯಿತು. ನಮ್ಮೂರ ಜಗಲಿಯಲ್ಲಿ ಅಪರಿಚಿತ ಯಾರೇ ಬಂದರೂ ಅಜ್ಜಿ ನೀರು ಕೊಡುವ ಮೊದಲೇ ಕೇಳುತ್ತಿದ್ದ ಪ್ರಶ್ನೆ ಅದೇ. ರೋಮನ್ನರೂ ನಮ್ಮ ಪೈಕಿಯವರೇ ಅಂದಂತಾಯಿತು.

ನಾನು ಈ ಸಂಘದ ಕಾರ್ಯದರ್ಶಿಯಾದದ್ದು ಸಮಾಜಸೇವೆಯ ಹಂಬಲದಿಂದಲ್ಲ, ಸ್ಪ್ಯಾನರಿನಿಂದ. ಬೆಂಗಳೂರಿನ ಅಂಚಿನ 110 ಹಳ್ಳಿಗಳು 2007ರಲ್ಲಿ ಪಾಲಿಕೆಗೆ ಸೇರಿದವಲ್ಲ, ಅಂಥ ಒಂದು ಹಳ್ಳಿಯ ರಾಗಿ ಹೊಲದಲ್ಲಿ ನಮ್ಮ ಬಡಾವಣೆ ಎದ್ದದ್ದು. ಹೊಲ ಮಾರಿದವರು ಹೋದರೂ ಹೊಲದ ಸ್ವಭಾವ ಹೋಗಿರಲಿಲ್ಲ. ಮಳೆ ಬಂದರೆ ಮೊದಲನೇ ಕ್ರಾಸು ಗದ್ದೆ, ಬಾರದಿದ್ದರೆ ಕಣ. ಮನೆ ಕಟ್ಟಿ ಎರಡನೇ ವಾರಕ್ಕೆ ಮೋಟರಿನ ನಟ್ಟು ಸಡಿಲವಾಗಿ, ಸ್ಪ್ಯಾನರ್ ಕೇಳಲು ಎದುರುಮನೆಗೆ ಹೋದೆ. ಅಲ್ಲಿ ಆರು ಜನ ನನ್ನನ್ನೇ ಕಾಯುತ್ತಿದ್ದವರಂತೆ ತಲೆಯೆತ್ತಿದರು. 1960ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಸಂಘ ಕಟ್ಟಲು ಕನಿಷ್ಠ ಏಳು ಜನ ಬೇಕು. ಏಳನೆಯವನು ಸ್ಪ್ಯಾನರ್ ಕೇಳಿಕೊಂಡು ತಾನಾಗಿ ಬಾಗಿಲಿಗೆ ಬಂದಿದ್ದ. "ಇಲ್ಲೊಂದು ಸೈನ್ ಹಾಕಿ ಸಾರ್, ಸ್ಪ್ಯಾನರ್ ಕೊಡ್ತೀನಿ" ಎಂದರು. ಹಾಕಿದೆ. ಸ್ಪ್ಯಾನರ್ ಅಳತೆಗೆ ಕೂರಲಿಲ್ಲ. ಕಾರ್ಯದರ್ಶಿ ಹುದ್ದೆ ಮಾತ್ರ ಆವತ್ತಿನಿಂದ ಇವತ್ತಿನವರೆಗೆ ಕಚ್ಚಿಕೊಂಡು ಕೂತಿದೆ.

ಕಾರ್ಯದರ್ಶಿಯ ಕೆಲಸಗಳಲ್ಲಿ ತಿಂಗಳಿಗೊಂದು ಸುದ್ದಿಹಾಳೆ ಬರೆಯುವುದೂ ಒಂದು. ಮೊದಲು ಝೆರಾಕ್ಸ್ ಮಾಡಿಸಿ ಹಾಲಿನ ಹುಡುಗನ ಕೈಯಲ್ಲಿ ಮನೆಮನೆಗೆ ಕಳಿಸುತ್ತಿದ್ದೆ. ಈಗ ವಾಟ್ಸ್‌ಆ್ಯಪಿನಲ್ಲಿ ಹಾಕುತ್ತೇನೆ. ಅದು ಒಂದು ಗಂಟೆಯೊಳಗೆ ನಲವತ್ತು ಶುಭೋದಯಗಳ ಅಡಿಯಲ್ಲಿ ಹೂತುಹೋಗುತ್ತದೆ. ಈ ಹಾಳೆಯನ್ನು ಯಾರೂ ಓದುವುದಿಲ್ಲ ಎಂಬ ಧೈರ್ಯದಲ್ಲಿ ಒಮ್ಮೆ ಪ್ರತಿಭಾ ಪುರಸ್ಕಾರದ ಪಟ್ಟಿಯಲ್ಲಿ ಎಸ್ಸೆಸ್ಸೆಲ್ಸಿ ಹುಡುಗಿಯೊಬ್ಬಳ ಅಂಕವನ್ನು 625ಕ್ಕೆ 611ರ ಬದಲು 601 ಎಂದು ಬರೆದೆ. ರಾತ್ರಿ ಒಂಬತ್ತಕ್ಕೆ ಹುಡುಗಿಯ ಅಪ್ಪ, ಅಮ್ಮ, ಅಜ್ಜ, ಟ್ಯೂಷನ್ನಿನವರು ನಮ್ಮ ಗೇಟಿನ ಮುಂದಿದ್ದರು. ಆ ತಿಂಗಳು ತಿದ್ದುಪಡಿಗೆಂದೇ ಒಂದು ವಿಶೇಷ ಸಂಚಿಕೆ ತಂದೆ. "ನಿಮ್ಮ ಪತ್ರಿಕೆಗೂ ಕೋರಂ ಬಂತಲ್ಲ" ಎಂದಳು ನನ್ನಾಕೆ.

ಸುದ್ದಿಹಾಳೆಯಲ್ಲಿ ನಾನು ಬರೆಯುವುದೆಲ್ಲ ಸಭೆಯ ತೀರ್ಮಾನಗಳನ್ನು. ಬೀದಿದೀಪದ ಬಗ್ಗೆ ಸಂಬಂಧಪಟ್ಟವರಿಗೆ ಪತ್ರ ಬರೆಯಲು ತೀರ್ಮಾನಿಸಲಾಯಿತು. ಹಿಂದಿನ ಪತ್ರ ಏನಾಯಿತೆಂದು ಕೇಳಿ ಇನ್ನೊಂದು ಪತ್ರ ಬರೆಯಲು ತೀರ್ಮಾನಿಸಲಾಯಿತು. ಆದರೆ ಇಷ್ಟು ವರ್ಷದ ಅನುಭವದಿಂದ ಹೇಳುತ್ತೇನೆ, ನಮ್ಮ ಬಡಾವಣೆಯಲ್ಲಿ ಏನೇನು ಆಗಿದೆಯೋ ಅದೆಲ್ಲ ಆದದ್ದು ಸಭೆಯಲ್ಲಲ್ಲ, ಕೋರಂ ಇಲ್ಲದ ಆ ಅರ್ಧ ಗಂಟೆಯಲ್ಲಿ. ಅಧ್ಯಕ್ಷರು ಸಭೆ ಮುಂದೂಡಿದ ಕೂಡಲೇ ಖಜಾಂಚಿಗಳ ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ಬರುತ್ತದೆ, ಬೇಕರಿಯಿಂದ ಖಾರಾ ಬಿಸ್ಕೆಟ್ ಬರುತ್ತದೆ. ಮುಂದೆ ನೋಡುತ್ತಿದ್ದ ಕುರ್ಚಿಗಳನ್ನು ಜನ ಒಂದಕ್ಕೊಂದು ಎದುರಾಗಿ ತಿರುಗಿಸಿಕೊಳ್ಳುತ್ತಾರೆ. ಆಗ ಯಾರೂ ಸೂಚಿಸುವುದಿಲ್ಲ, ಯಾರೂ ಅನುಮೋದಿಸುವುದಿಲ್ಲ. "ಅಧ್ಯಕ್ಷರೇ" ಎಂದು ಆರಂಭವಾಗುವ ಮಾತು ಒಂದೂ ಇರುವುದಿಲ್ಲ. "ಅಲ್ರೀ" ಎಂದು ಆರಂಭವಾಗುತ್ತವೆ.

ಎರಡನೇ ಕ್ರಾಸಿನ ಹುಡುಗನಿಗೆ ಐದನೇ ಕ್ರಾಸಿನ ಹುಡುಗಿಯನ್ನು ಗೊತ್ತುಮಾಡಿದ್ದು ಅಂಥದೊಂದು ಅರ್ಧ ಗಂಟೆ. ಬೀದಿನಾಯಿಗಳಿಗೆ ಅನ್ನ ಹಾಕುವವರಿಗೂ ಅದನ್ನು ವಿರೋಧಿಸುವವರಿಗೂ ರಾಜಿಯಾದದ್ದು ಇನ್ನೊಂದು. ಅನ್ನ ಹಾಕಬಹುದು, ಆದರೆ ತಮ್ಮ ಗೇಟಿನ ಮುಂದೆಯೇ ಹಾಕಬೇಕು. ನಾಯಿಗಳಿಗೂ ಇದು ಒಪ್ಪಿಗೆಯಾಯಿತು. ಈಗ ಯಾವ ಮನೆಯಲ್ಲಿ ಏನು ಅಡುಗೆ ಎಂಬುದು ಅವುಗಳ ಸಾಲು ನೋಡಿದರೆ ತಿಳಿಯುತ್ತದೆ.

ಸಿ.ಎ. ಸೈಟಿನ ಕಥೆಯನ್ನಂತೂ ಹೇಳಲೇಬೇಕು. ಲೇಔಟಿನ ನಕ್ಷೆಯಲ್ಲಿ ನಾಗರಿಕ ಸೌಲಭ್ಯಕ್ಕೆಂದು ಬಿಟ್ಟ ಜಾಗ ಅದು. ಜನ ತಮಗೆ ತೋಚಿದ ಸೌಲಭ್ಯ ಮಾಡಿಕೊಂಡು ಅಲ್ಲಿ ಕಸ ಎಸೆಯುತ್ತಿದ್ದರು. ಹಸಿ ಕಸ, ಒಣ ಕಸ ಬೇರೆ ಮಾಡಿ, ಎರಡು ಬುಟ್ಟಿ ಒಂದು ಚೀಲ ಇಟ್ಟುಕೊಳ್ಳಿ ಎಂದು 2015ರಲ್ಲಿ ಹೈಕೋರ್ಟೇ ಹೇಳಿತ್ತು. ನಮ್ಮಲ್ಲಿ ಕೆಲವರು ಅದನ್ನು ಅಕ್ಷರಶಃ ಪಾಲಿಸಿ, ಹಸಿ ಕಸವನ್ನು ಸೈಟಿನ ಈ ಮೂಲೆಗೂ ಒಣ ಕಸವನ್ನು ಆ ಮೂಲೆಗೂ ಎಸೆದರು. ಬೆಳಿಗ್ಗೆ ಆಟೋ ಟಿಪ್ಪರ್ ಹಾಡು ಹಾಕಿಕೊಂಡು ಮನೆಮುಂದೆ ನಿಂತರೂ ಏಳದ ಮಂದಿ ರಾತ್ರಿ ಹನ್ನೊಂದಕ್ಕೆ ವಾಕಿಂಗ್ ನೆಪದಲ್ಲಿ ಕೈಚೀಲ ಹಿಡಿದು ಹೊರಡುತ್ತಿದ್ದರು. ಹೋಗುವಾಗ ಚೀಲ ಇರುತ್ತಿತ್ತು, ಬರುವಾಗ ಕೈ ಬೀಸುತ್ತಿದ್ದರು. ಕ್ಯಾಮೆರಾ ಹಾಕಿಸಬೇಕೆಂದು ಮೂರು ಮಹಾಸಭೆಗಳಲ್ಲಿ ಸರ್ವಾನುಮತದಿಂದ ನಿರ್ಣಯವಾಯಿತು. ನಿರ್ಣಯಕ್ಕೆ ಕೈ ಎತ್ತಿದವರಲ್ಲಿ ವಾಕಿಂಗಿನವರೂ ಇದ್ದದ್ದರಿಂದ ಅದು ಜಾರಿಯಾಗಲಿಲ್ಲ.

ನಾಲ್ಕನೇ ವರ್ಷದ ಅರ್ಧ ಗಂಟೆಯಲ್ಲಿ ಮೂರನೇ ಕ್ರಾಸಿನ ಮೇಡಂ ಕಾಫಿ ಲೋಟ ಕೆಳಗಿಟ್ಟು, "ಅಲ್ರೀ, ಅಲ್ಲಿ ದಿನಾ ಗುಡಿಸಿ ಒಂದು ರಂಗೋಲಿ ಹಾಕಿಬಿಟ್ರೆ?" ಎಂದರು. ಊರಿನ ಬೇರೆ ಕಡೆಗಳಲ್ಲೂ ಜನ ಹಾಗೆ ಮಾಡಿದ್ದುಂಟು. ಮರುದಿನವೇ ಸೈಟಿನ ಮುಂದೆ ಹದಿನೈದು ಚುಕ್ಕಿಯ ರಂಗೋಲಿ ಬಿತ್ತು. ಸರದಿ ಪ್ರಕಾರ ಕ್ರಾಸಿಗೊಂದು ದಿನ. ಮೂರು ದಿನ ಕಸವಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ ಒಂದು ಕಪ್ಪು ಚೀಲ, ರಂಗೋಲಿಯ ಒಂದು ಎಳೆಯೂ ಕದಡದಂತೆ, ಅಂಚಿಗೆ ಒತ್ತಿ ಜೋಪಾನವಾಗಿ ಇಟ್ಟಿತ್ತು. ಚಾಪೆ ಕೆಳಗೆ ನುಸುಳಿದರೆ ರಂಗೋಲಿ ಕೆಳಗೆ ನುಸುಳುವವರ ಬಗ್ಗೆ ಕೇಳಿದ್ದೆ. ಪಕ್ಕದಲ್ಲಿ ನುಸುಳುವವರನ್ನು ಅಂದೇ ಕಂಡದ್ದು. ಮೇಡಂ ಸೋಲಲಿಲ್ಲ. ಮರುದಿನದ ರಂಗೋಲಿ ಚೀಲವಿದ್ದ ಜಾಗಕ್ಕೂ ಹಬ್ಬಿತು. ಚೀಲ ಒಂದು ಅಡಿ ಹಿಂದೆ ಸರಿಯಿತು. ರಂಗೋಲಿ ಎರಡು ಅಡಿ ಮುಂದೆ ಹೋಯಿತು. ತಿಂಗಳ ಕೊನೆಗೆ ರಂಗೋಲಿ ಕಾಂಪೌಂಡ್ ಮುಟ್ಟಿ, ಚೀಲಕ್ಕೆ ಜಾಗವೇ ಇಲ್ಲದಾಯಿತು. ಆ ಚೀಲ ಯಾರದೆಂದು ನನಗೆ ಗೊತ್ತು. ಅವರ ಮನೆಯಾಕೆಯ ಸರದಿ ಗುರುವಾರ. ರಂಗೋಲಿ ಬಹಳ ಚೆನ್ನಾಗಿ ಹಾಕುತ್ತಾರೆ.

2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಐದು ವರ್ಷ ಚುನಾವಣೆಯೇ ಇರಲಿಲ್ಲವಷ್ಟೆ. ಕಾರ್ಪೊರೇಟರ್ ಮನೆಗೆ ಹೋಗಬೇಕಾದ ದೂರುಗಳೆಲ್ಲ ನಮ್ಮ ಅಧ್ಯಕ್ಷರ ಮನೆಗೆ ತಿರುಗಿದವು. ಅವರು ಕರೆಗಂಟೆಯ ತಂತಿ ಕಿತ್ತುಹಾಕಿದರು. ಜನ ಚಿಲಕ ಬಡಿದರು. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾದಾಗ ಅಧ್ಯಕ್ಷರಿಗೆ ಇದ್ದ ಚಿಂತೆ ಆಡಳಿತ ವಿಕೇಂದ್ರೀಕರಣದ್ದಲ್ಲ, ಹಳೆ ವಿಳಾಸದ ಲೆಟರ್‌ಹೆಡ್ ನಾನೂರು ಹಾಳೆ ಉಳಿದಿದೆಯಲ್ಲ ಎಂಬುದು. ಅದರ ಹಿಂಬದಿಯನ್ನು ಈಗ ಖಜಾಂಚಿಗಳ ಮೊಮ್ಮಗ ಲೆಕ್ಕ ಮಾಡಲು ಬಳಸುತ್ತಿದ್ದಾನೆ. ಸಂಘದ ಲೆಕ್ಕ ಸರಿಹೋಗುತ್ತಿರುವುದು ಆ ಹಾಳೆಗಳ ಮೇಲೆ ಮಾತ್ರ ಎಂದು ಮೇಷ್ಟ್ರು ಹೇಳಿದ್ದನ್ನು ನಾನು ನಡಾವಳಿಯಲ್ಲಿ ದಾಖಲಿಸಿಲ್ಲ.

ಹೀಗೆ ಸಾಗುತ್ತಿದ್ದ ಸಂಘದ ಬಾಳಿನಲ್ಲಿ ಒಂದೇ ಒಂದು ಸಲ ಅನಾಹುತವಾಯಿತು. ಕೋರಂ ಆಗಿಬಿಟ್ಟಿತು.

2024ರ ಮಾರ್ಚ್. ಬೋರ್‌ವೆಲ್ಲುಗಳು ಒಂದೊಂದಾಗಿ ಕೆಮ್ಮಿ ಸುಮ್ಮನಾದ ಕಾಲ. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತ್ತು. ನಮ್ಮಲ್ಲಿ ಮೈ ತೊಳೆಯಲೇ ಇರಲಿಲ್ಲವಾದ್ದರಿಂದ ಆ ಆದೇಶವನ್ನು ಬಡಾವಣೆ ಚಾಚೂ ತಪ್ಪದೆ ಪಾಲಿಸಿತು. ಟ್ಯಾಂಕರಿಗೆ ಜಿಲ್ಲಾಡಳಿತ ದರ ಕಟ್ಟಿತು: ಐದು ಕಿಲೋಮೀಟರ್ ಒಳಗಾದರೆ 12,000 ಲೀಟರಿಗೆ 1,000 ರೂಪಾಯಿ. ಮಾರನೇ ದಿನದಿಂದ ನಮ್ಮ ಕಡೆಯ ಟ್ಯಾಂಕರುಗಳೆಲ್ಲ ಐದೂವರೆ ಕಿಲೋಮೀಟರ್ ದೂರದಿಂದಲೇ ಹೊರಡತೊಡಗಿದವು. ನಾವು ತುರ್ತು ಸಭೆ ಕರೆದೆವು.

ಹತ್ತೂಕಾಲಿಗೇ ಕುರ್ಚಿ ಮುಗಿದವು. ಹತ್ತೂವರೆಗೆ ಹಾಜರಿ ಪುಸ್ತಕದಲ್ಲಿ 97 ಸಹಿ. ಅಧ್ಯಕ್ಷರು ಎದ್ದು ನಿಂತರು, ಗಡಿಯಾರ ನೋಡಿದರು, ಕನ್ನಡಕ ತೆಗೆದು ಹಾಕಿಕೊಂಡರು. ಹೇಳಲು ಮಾತಿರಲಿಲ್ಲ. ಅಷ್ಟು ವರ್ಷ ಕೈಹಿಡಿದು ನಡೆಸಿದ ವಾಕ್ಯ ಕೈಬಿಟ್ಟಿತ್ತು. "ಸಭೆ... ಇದೆ" ಎಂದರು.

ಆಮೇಲಿನದನ್ನು ನೆನೆದರೆ ಈಗಲೂ ಗಂಟಲು ಒಣಗುತ್ತದೆ. ಎರಡನೇ ಕ್ರಾಸಿನವರು ನಾಲ್ಕನೇ ಕ್ರಾಸಿನವರು ಸಾವಿರ ಅಡಿ ಕೊರೆಸಿ ತಮ್ಮ ಬೋರಿನ ನೀರು ಎಳೆದುಕೊಂಡರೆಂದರು. ನಾಲ್ಕನೆಯವರು ಎರಡನೆಯವರ ಸಂಪು ಅಳೆಯಲು ಟೇಪು ತಂದಿದ್ದರು. ಬಾಡಿಗೆದಾರರಿಗೆ ಮಾತಾಡುವ ಹಕ್ಕಿಲ್ಲ ಎಂದೊಬ್ಬರು, ನೀರಿಗೆ ಬಾಡಿಗೆದಾರ ಮಾಲೀಕ ಅಂತ ಇದೆಯೇನ್ರೀ ಎಂದೊಬ್ಬರು. ಮೊದಲು ವಾರ್ಷಿಕ ಚಂದಾ ಬಾಕಿ ಕೊಡಲಿ ಎಂದು ಖಜಾಂಚಿಗಳು ಹೊಂಚಿ ಕೂಗಿದರು. 97 ಜನ ಸಿಕ್ಕುವ ಅವಕಾಶ ಅವರಿಗೆ ಮತ್ತೆ ಯಾವಾಗ? ನಾನು ನಡಾವಳಿ ಪುಸ್ತಕ ಹಿಡಿದು "ಸೂಚಿಸಿದವರು ಯಾರು, ಅನುಮೋದಿಸಿದವರು ಯಾರು" ಎಂದು ಕೇಳುತ್ತಿದ್ದೆ. ಯಾರೋ "ನಿಮ್ಮಪ್ಪ" ಎಂದರು. ಬರೆದುಕೊಳ್ಳಲಿಲ್ಲ.

ನಲವತ್ತು ನಿಮಿಷ ಕಳೆಯಿತು. ಆಗ ಅಧ್ಯಕ್ಷರು ಮೈಕು ಕೈಗೆತ್ತಿಕೊಂಡು, ಬೆವರು ಒರೆಸಿಕೊಂಡು, ತಮಗೆ ಬಾಯಿಪಾಠವಿದ್ದ ಏಕೈಕ ವಾಕ್ಯದ ಬಾಲವನ್ನಷ್ಟೇ ಹೇಳಿದರು: "ಸಭೆಯನ್ನು ಅರ್ಧ ಗಂಟೆ ಮುಂದೂಡಲಾಗಿದೆ."

ಒಂದು ಕ್ಷಣ ಮೌನ. ಆಮೇಲೆ ಯಾರೋ ನಕ್ಕರು. ಕುರ್ಚಿಗಳು ಕರಕರ ತಿರುಗಿದವು. ಕಾಫಿಗೆ ನೀರಿರಲಿಲ್ಲ, ಖಾರಾ ಬಿಸ್ಕೆಟ್ ಒಣಗಂಟಲಲ್ಲೇ ಇಳಿಯಿತು. ಒಂದು ಕಡೆಯಿಂದ "ಅಲ್ರೀ" ಕೇಳಿಸಿತು. ಆ ಅಲ್ರೀ ಟ್ಯಾಂಕರಿನವನ ಭಾವಮೈದುನನನ್ನು ಬಲ್ಲವರದು. ಇನ್ನೊಂದು ಕಡೆ ದೊಡ್ಡ ಸಂಪಿನವರು, ನಮ್ಮಲ್ಲಿ ಇಳಿಸಿಕೊಂಡರೆ ಅಕ್ಕಪಕ್ಕದ ನಾಲ್ಕು ಮನೆಗೆ ಪೈಪು ಬಿಡಬಹುದು ಎನ್ನುತ್ತಿದ್ದರು. ಟೇಪು ತಂದಿದ್ದವರು ಅದೇ ಟೇಪಿನಿಂದ ಪೈಪಿಗೆ ದೂರ ಅಳೆಯಲು ಹೊರಟರು. ಮದುವೆ ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ಯಾವ ಕ್ರಾಸಿಗೆ ಯಾವ ವಾರ ಎಂಬ ಪಟ್ಟಿ ತಯಾರಾಯಿತು. ಮುಂಬದಿಯಲ್ಲಿದ್ದದ್ದು ಆ ಎರಡನೇ ಕ್ರಾಸು, ಐದನೇ ಕ್ರಾಸಿನ ಹುಡುಗ ಹುಡುಗಿಯ ಮದುವೆಯೇ. ಸಭೆ ಮತ್ತೆ ಸೇರಿ ನಾಲ್ಕು ನಿಮಿಷದಲ್ಲಿ ವಂದನಾರ್ಪಣೆ ಮುಗಿಸಿತು. ನಡೆದದ್ದನ್ನು ನಡೆದ ಹಾಗೆ ಬರೆಯುವುದು ಕಾರ್ಯದರ್ಶಿಯ ಧರ್ಮವಾದ್ದರಿಂದ ನಾನೂ ಬರೆದೆ.

ಅದೇ ವರ್ಷ ಅಕ್ಟೋಬರ್ 16ಕ್ಕೆ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಹತ್ತಿ ಬರುವ ನೀರು ಆ 110 ಹಳ್ಳಿಗಳಿಗೆಂದೇ ಬಂತು. ರಸ್ತೆ ಅಗೆತ, ಸಂಪರ್ಕದ ಅರ್ಜಿ ಎಲ್ಲ ಮುಗಿದು ಒಂದು ದಿನ ನಮ್ಮ ನಲ್ಲಿಯಲ್ಲೂ ಬಿತ್ತು. ಮುಂದಿನ ಮಹಾಸಭೆಗೆ ಹಾಜರಿ ಒಂಬತ್ತು.

ಆ ಒಂಬತ್ತರಲ್ಲಿ ಒಬ್ಬ ಹೊಸಬ, ಸಾಫ್ಟ್‌ವೇರ್ ಹುಡುಗ. ಸಂಘದ ಹಳೆಯ ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿಕೊಡುತ್ತೇನೆಂದು ಬಂದವನು ನಡಾವಳಿ ಪುಸ್ತಕ ತಿರುವಿಹಾಕುತ್ತಿದ್ದ. ಒಂದು ಪುಟದಲ್ಲಿ ನಿಂತ.

"ಅಂಕಲ್, ಇಲ್ಲೊಂದು ಮಿಸ್ಟೇಕ್ ಆಗಿದೆ. 'ಕೋರಂ ಇದ್ದ ಕಾರಣ ಸಭೆಯನ್ನು ಅರ್ಧ ಗಂಟೆ ಮುಂದೂಡಲಾಯಿತು' ಅಂತ ಬರೆದುಬಿಟ್ಟಿದೀರ. 'ಇಲ್ಲದ' ಅಂತ ತಿದ್ದಿಬಿಡ್ಲಾ?"

"ಬೇಡಪ್ಪಾ" ಎಂದರು ಅಧ್ಯಕ್ಷರು, ಗಡಿಯಾರ ನೋಡುತ್ತಾ. "ಅದು ಸರ್ವಾನುಮತದಿಂದ ಅನುಮೋದನೆ ಆಗಿದೆ. ಕುರ್ಚಿ ಈ ಕಡೆ ತಿರುಗಿಸ್ಕೊ. ಇನ್ನೂ ಇಪ್ಪತ್ತೆರಡು ನಿಮಿಷ ಇದೆ."