ಲೇಯ ಇಟ್ಟ ಹೆಸರುಗಳು

ಮೊಮ್ಮಗನಿಗೆ ರೂಬೇನ್ ಅಂತ ಹೆಸರಿಡ್ತೀರಂತೆ, ನಿಮ್ಮ ಯಜಮಾನರು ಬೆಳಿಗ್ಗೆ ಹಾಲು ತರುವಾಗ ಹೇಳಿದರು. ಅಕ್ಕ, ಬಟ್ಟೆ ಆಮೇಲೆ ಹರವಿದರಾಯ್ತು, ಒಂದು ಗಳಿಗೆ ಬೇಲಿ ಹತ್ತಿರ ಬನ್ನಿ.

ಹೀಬ್ರೂ ಭಾಷೆಯಲ್ಲಿ ಆ ಹೆಸರು ಒಂದು ಇಡೀ ಮಾತು. ‘ರೆಊ’ ಅಂದರೆ ನೋಡಿ, ‘ಬೆನ್’ ಅಂದರೆ ಮಗ. ನೋಡಿ, ಗಂಡುಮಗು! ಹಾಗಂದವಳು ಯಾಕೋಬನ ಹೆಂಡತಿ ಲೇಯ. ಅವನ ಮನಸ್ಸೆಲ್ಲ ಅವಳ ತಂಗಿ ರಾಹೇಲಳ ಮೇಲೆ. ತಂಗಿಗೋಸ್ಕರ 7 ವರ್ಷ ದುಡಿದವನಿಗೆ ಮಾವ ಲಾಬಾನ ಮದುವೆಯ ರಾತ್ರಿ ಅಕ್ಕನನ್ನು ದಾಟಿಸಿಬಿಟ್ಟ. ಬೇಡವಾದ ಹೆಂಡತಿಯ ಬಾಳು ಹೇಗಿರುತ್ತೆ, ನೀವೇ ಹೇಳಿ.

ಆದಿಕಾಂಡದ 29ನೇ ಅಧ್ಯಾಯದ ಕೊನೆಯ ನಾಲ್ಕು ವಚನ ಓದಿ ನೋಡಿ. ದೇವರು ನನ್ನ ಕಷ್ಟ ಕಂಡ, ಇನ್ನು ಗಂಡ ಪ್ರೀತಿಸಿಯಾನು ಅಂತ ರೂಬೇನ್. ಪ್ರೀತಿಸಲಿಲ್ಲ. ಎರಡನೆಯವ ಸಿಮೆಯೋನ, ದೇವರ ಕಿವಿಗೆ ಬಿತ್ತು ಅಂತ. ಮೂರನೆಯವ ಲೇವಿ, ಈ ಸಲವಾದರೂ ಗಂಡ ನನ್ನೊಡನೆ ಕೂಡಿಕೊಂಡಾನು ಅಂತ. ನಾಲ್ಕನೆಯವನ ಹೆಸರಲ್ಲಿ ಗಂಡನ ಸುದ್ದಿಯೇ ಇಲ್ಲ. ಯೆಹೂದ, ದೇವರನ್ನು ಕೊಂಡಾಡುತ್ತೇನೆ, ಅಷ್ಟೆ. ಅಲ್ಲಿಗೆ ಬಂದಾಗೆಲ್ಲ ನನ್ನ ಕಣ್ಣು ತುಂಬುತ್ತೆ. ದಾವೀದ ಹುಟ್ಟಿದ್ದು ಅದೇ ಯೆಹೂದನ ಕುಲದಲ್ಲಿ. ನಾವು ಕನ್ನಡದಲ್ಲಿ ಯೆಹೂದಿ ಅಂತೀವಲ್ಲ, ಅದೂ ಅವಳಿಟ್ಟ ಹೆಸರೇ.

ಹೆಸರು ಮೊದಲು, ಅರ್ಥ ಕಟ್ಟಿದ್ದು ಆಮೇಲೆ ಅನ್ನೋ ಪಂಡಿತರಿದ್ದಾರೆ. ಇರಬಹುದು. ನೀರಿಂದ ಎಳೆದು ತೆಗೆದದ್ದಕ್ಕೆ ಮೋಶೆ ಅಂತ ಶಾಸ್ತ್ರ ಹೇಳುತ್ತೆ; ಅವರು ಅದನ್ನು ಈಜಿಪ್ಟಿನ ಮಾತು ಅಂತಾರೆ, ಹುಟ್ಟಿದವನು ಅಂತ ಅರ್ಥ, ಅಲ್ಲಿನ ಅರಸ ಥುಟ್ಮೋಸನ ಹೆಸರಿನ ಬಾಲದಲ್ಲೂ ಅದೇ ಇದೆಯಂತೆ. ಆದರೆ ಲೇಯಳ ಸಂಕಟ ಬರೀ ಶಬ್ದದ ಆಟ ಅಂತ ಯಾರು ಹೇಳಿದರೂ ನಾನು ಒಪ್ಪೋದಿಲ್ಲ.

ತಂಗಿಯ ಕಥೆ ಇನ್ನೂ ಕಠಿಣ. ಎಫ್ರಾತದ ದಾರಿಯಲ್ಲಿ ಹೆರಿಗೆಯಾಗಿ, ಪ್ರಾಣ ಹೋಗುವಾಗ ರಾಹೇಲಳು ಕೂಸಿಗೆ ಬೆನೋನಿ ಅಂದಳು, ನನ್ನ ದುಃಖದ ಮಗ. ಯಾಕೋಬ ಅದನ್ನು ಬೆನ್ಯಾಮೀನ್ ಮಾಡಿದ, ಬಲಗೈಯ ಮಗ. ಹುಡುಗ ಬಾಳೆಲ್ಲ ತಾಯಿಯ ಸಾವನ್ನು ಹೆಸರಲ್ಲಿ ಹೊರಬಾರದು ಅಂತಿರಬೇಕು, ಒಳ್ಳೆಯದೇ ಮಾಡಿದ. ಬರೆದವರು ಅವಳಿಟ್ಟ ಹೆಸರನ್ನೂ ಅಳಿಸದೆ ಉಳಿಸಿದರಲ್ಲ, ಅದು ಇನ್ನೂ ಒಳ್ಳೆಯದು.

ಅದಿರಲಿ ಅಕ್ಕ, ರೂಬೇನ್ ಅಂತ ಆರಿಸಿದ್ದು ಯಾರು? ನಿಮ್ಮ ಸೊಸೆಯನ್ನು ಕೇಳಿದಿರಾ?