ಫೋಟೊ ತೆಗೆದು ಗ್ರೂಪಿಗೆ ಹಾಕಿ

ಮಂಡ್ಯ ಜಿಲ್ಲೆಯ ಕೆರಗೋಡು ಎಂದರೆ ರಾಜ್ಯದ ಜನಕ್ಕೆ ಈಗ 108 ಅಡಿ ಧ್ವಜಸ್ತಂಭದ ಊರು. 2024ರ ಜನವರಿ ಕೊನೆಯಲ್ಲಿ ಆ ಕಂಬದ ಮೇಲೆ ಯಾವ ಬಾವುಟ ಹಾರಬೇಕೆಂದು ಗಲಾಟೆ ಎದ್ದಾಗ ಪಂಚಾಯಿತಿ, ತಾಲ್ಲೂಕು, ಜಿಲ್ಲೆ, ಪೊಲೀಸು, ವಿಧಾನಸೌಧ ಎಲ್ಲವೂ ಒಟ್ಟಿಗೆ ಎದ್ದು ಕೂತವು. ಪಂಚಾಯಿತಿ ಯಾವ ಬಾವುಟಕ್ಕೆ ಅನುಮತಿ ಕೊಟ್ಟಿತ್ತು, ಯಾವುದಕ್ಕೆ ಕೊಟ್ಟಿರಲಿಲ್ಲ ಅಂತ ಟೀವಿಯವರು ದಿನಗಟ್ಟಲೆ ಬಿಡಿಸಿ ಬಿಡಿಸಿ ಹೇಳಿದರು. ಪಂಚಾಯಿತಿ ಅನ್ನೋದು ಸಭೆ ಸೇರಿ ನಿರ್ಣಯ ಮಾಡುತ್ತದೆ ಎಂಬ ಸಂಗತಿ ಎಷ್ಟೋ ಜನಕ್ಕೆ ತಿಳಿದದ್ದೇ ಆಗ. ಪಿಡಿಒ ಅಮಾನತಾದರು. ಬೆಂಗಳೂರಿಂದ ನಾಯಕರು ಬಂದರು. ಯಾರ ಕಡೆ ಸರಿ, ಯಾರ ಕಡೆ ತಪ್ಪು ಎಂಬುದು ಇವತ್ತಿನ ನನ್ನ ತಗಾದೆಯಲ್ಲ. ನನ್ನ ತಗಾದೆ ವೇಗದ್ದು. ಸರ್ಕಾರಕ್ಕೆ ಒಂದು ಹೋಬಳಿ ಊರಿಗೆ ಇಷ್ಟು ಬೇಗ ಬಂದು ಮುಟ್ಟಲು ಸಾಧ್ಯವಿದ್ದರೆ, ಮೂರು ವರ್ಷ ಮೊದಲು, ಊರಿನ ಅರ್ಧ ಮನೆಗಳಲ್ಲಿ ಜ್ವರ ಮಲಗಿದ್ದಾಗ ಅದು ಯಾವ ಬಸ್ಸಿಗೆ ಕಾಯುತ್ತಿತ್ತು? ಇನ್ನೊಂದು 108 ಕೂಡ ಇದೆಯಲ್ಲ, 2008ರಿಂದ ಓಡುತ್ತಿರುವ ಆಂಬುಲೆನ್ಸು. 2021ರ ಮೇ ತಿಂಗಳಲ್ಲಿ ಆ ನಂಬರಿಗೆ ಫೋನು ಹಚ್ಚಿ ಬೀದಿ ತುದಿಯಲ್ಲಿ ನಿಂತು ಕಾದವರನ್ನು ಕೇಳಿ, ಯಾವ 108 ಎತ್ತರ ಅಂತ ಹೇಳುತ್ತಾರೆ.

ಒಂದು ಕಾಲಕ್ಕೆ ಕೆರಗೋಡಿಗೆ ಸ್ವಂತ ವಿಧಾನಸಭಾ ಕ್ಷೇತ್ರವೇ ಇತ್ತು. 2008ರ ಪುನರ್ವಿಂಗಡಣೆಯಲ್ಲಿ ಅದು ಹೋಯಿತು. ಉಳಿದದ್ದು ಪಂಚಾಯಿತಿ. ಆ ಪಂಚಾಯಿತಿಯ ಕತೆಯೂ ಸ್ವಾರಸ್ಯ. 2020ರ ನಡುವಿನ ಹೊತ್ತಿಗೆ, ಸರಿಯಾಗಿ ಕೊರೊನಾ ಹಳ್ಳಿ ದಾರಿ ಹಿಡಿದಾಗ, ರಾಜ್ಯದ ಬಹುಪಾಲು ಗ್ರಾಮ ಪಂಚಾಯಿತಿಗಳ ಅವಧಿ ಮುಗಿಯಿತು. ಚುನಾವಣೆ ಮಾಡೋಣ ಅಂದರೆ ಕೊರೊನಾ ಇದೆ, ಜನ ಸೇರಬಾರದು ಅಂದರು. ಸದಸ್ಯರು ಮನೆಗೆ ಹೋದರು, ಜಾಗಕ್ಕೆ ಆಡಳಿತಾಧಿಕಾರಿ ಬಂದರು. ಹಾಗಂತ ವೈರಸ್ಸಿಗೆ ಎಲ್ಲ ಚುನಾವಣೆಯ ಮೇಲೂ ಸಿಟ್ಟಿರಲಿಲ್ಲ. ಶಿರಾ ಮತ್ತು ರಾಜರಾಜೇಶ್ವರಿ ನಗರದ ಉಪಚುನಾವಣೆಗಳು ನವೆಂಬರ್ 3ಕ್ಕೆ ಸಾಂಗವಾಗಿ ನಡೆದವು. ಊರಿನ ಮೆಂಬರನ್ನು ಆರಿಸುವಾಗ ಮಾತ್ರ ಅದು ಅಂಟುತ್ತಿತ್ತು. ಕೊನೆಗೆ ಡಿಸೆಂಬರ್ 22 ಮತ್ತು 27ಕ್ಕೆ ಪಂಚಾಯಿತಿ ಚುನಾವಣೆಯಾಯಿತು. ಅಂದರೆ ಮೊದಲ ಅಲೆ ಬಂದು ಹೋಗುವಾಗ ಹಳ್ಳಿಯವನು ಜಗಳ ಆಡೋದಕ್ಕೂ ಒಬ್ಬ ಮೆಂಬರ್ ಇರಲಿಲ್ಲ. ಬೈಸಿಕೊಳ್ಳುವುದಕ್ಕಾದರೂ ಒಬ್ಬರು ಬೇಕಲ್ಲ ಸ್ವಾಮಿ, ಪ್ರಜಾಪ್ರಭುತ್ವದಲ್ಲಿ ಅದೇ ಅಲ್ಲವೆ ಅವರ ಮೊದಲ ಕೆಲಸ.

ಹಿಂದಿನವರ ಕಾಲದಲ್ಲಿ ಈ ತೊಡಕಿರಲಿಲ್ಲ. ಪ್ಲೇಗು ಬಂದಾಗ ಮನೆಯೊಳಗೆ ಇಲಿ ಬಿದ್ದರೆ ಊರು ಖಾಲಿ. ಗುಡಿಸಲು ಕಟ್ಟಿಕೊಂಡು ಹೊಲಕ್ಕೆ ಹೋಗಿಬಿಡುತ್ತಿದ್ದರು. ಸತ್ತ ಇಲಿಯೇ ಬುಲೆಟಿನ್ನು. ಅದಕ್ಕೆ ಸುತ್ತೋಲೆ ಬೇಕಿರಲಿಲ್ಲ, ಸ್ಪಷ್ಟೀಕರಣ ಬೇಕಿರಲಿಲ್ಲ, ಸ್ಪಷ್ಟೀಕರಣದ ತಿದ್ದುಪಡಿಯೂ ಬೇಕಿರಲಿಲ್ಲ.

ನಮ್ಮ ಕಾಲದ ಬುಲೆಟಿನ್ನು ಬೇರೆ ಜಾತಿಯದು. ದಿನಾ ಸಂಜೆ ಬೆಂಗಳೂರಿಂದ ಹೊರಡುತ್ತಿತ್ತು. ಅದರಲ್ಲಿ ಮನುಷ್ಯರಿಗೆ ಹೆಸರಿಲ್ಲ. ಪಿ ಅಂತ ಹಾಕಿ ಮುಂದೊಂದು ನಂಬರು. ವಯಸ್ಸು ಇಷ್ಟು, ಗಂಡಸು, ಮಂಡ್ಯ ಜಿಲ್ಲೆ, ಮುಂಬೈನಿಂದ ಬಂದವರು. ರೋಗಿಯ ಗುರುತು ಗೌಪ್ಯ. ಬಹಳ ಒಳ್ಳೆಯ ನಿಯಮ. ಆಮೇಲೆ ಆ ಗೌಪ್ಯ ಕಾಪಾಡಲು ಏನು ಮಾಡುತ್ತಿದ್ದರು? ಸೈರನ್ ಹಾಕಿಕೊಂಡು ಒಂದು ಆಂಬುಲೆನ್ಸು, ಹಿಂದೆ ಪೊಲೀಸ್ ಜೀಪು, ಬೀದಿಯ ಎರಡೂ ತುದಿಗೆ ಅಡ್ಡ ಬೊಂಬು, ಮನೆ ಮುಂದೆ ಬ್ಲೀಚಿಂಗ್ ಪೌಡರ್ ರಂಗೋಲಿ, ಬಾಗಿಲಿಗೆ ಚೀಟಿ, ಕೈಗೆ ಮುದ್ರೆ. 2020ರ ಮಾರ್ಚಿನಲ್ಲಂತೂ ಹೋಂ ಕ್ವಾರಂಟೈನಿನಲ್ಲಿದ್ದವರ ಮನೆ ವಿಳಾಸಗಳ ಪಟ್ಟಿಯನ್ನೇ ಸರ್ಕಾರ ಹೊರಗೆ ಬಿಟ್ಟಿತ್ತು. ಜಗಲಿ ಮೇಲೆ ಕೂತವರಿಗೆ ಇನ್ನೇನು ಬೇಕು?

"ಯಾರಿಗ್ಲಾ ಬಂದಿರೋದು?"

"ಅದ್ನ ಹೇಳಂಗಿಲ್ವಂತೆ ಕನಣ್ಣ. ಗುಟ್ಟಂತೆ. ಅಗೋ, ಆ ಮೂಲೆಮನೆ."

ಗುಟ್ಟಾಗಿರಬೇಕಾದದ್ದು ಹೀಗೆ ಬಯಲಾದರೆ, ಬಯಲಾಗಿರಬೇಕಾದದ್ದು ಗುಟ್ಟಾಗಿ ಉಳಿಯಿತು. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಈ ರಾತ್ರಿ ಹಾಸಿಗೆ ಖಾಲಿ ಇದೆಯಾ, ಆಕ್ಸಿಜನ್ ಎಲ್ಲಿ ಸಿಕ್ಕೀತು, ಇವತ್ತು ಲಸಿಕೆ ಬರುತ್ತಾ, ಬಂದರೆ ಎಷ್ಟು ಜನಕ್ಕೆ, ಸತ್ತರೆ ಹೆಣ ಯಾರು ಕೊಡುತ್ತಾರೆ ಎಂಬೆಲ್ಲ ಪ್ರಶ್ನೆಗೆ ಒಂದೇ ಉತ್ತರ: ಮೇಲಿಂದ ಇನ್ನೂ ಬಂದಿಲ್ಲ.

ಈ ಮೇಲೆ ಅನ್ನೋದು ಎಲ್ಲಿದೆ ಅಂತ ಹಳ್ಳಿಯವನು ಎಷ್ಟು ಏಣಿ ಹಾಕಿದರೂ ಕಾಣುವುದಿಲ್ಲ. ದೆಹಲಿಯ ಆದೇಶ ಬೆಂಗಳೂರಿಗೆ, ಬೆಂಗಳೂರಿನದು ಜಿಲ್ಲಾ ಪಂಚಾಯಿತಿ ಸಿಇಒಗೆ, ಅಲ್ಲಿಂದ ತಾಲ್ಲೂಕಿನ ಇಒಗೆ, ಅಲ್ಲಿಂದ ಪಿಡಿಒಗೆ, ಪಿಡಿಒ ಇಂದ ಬಿಲ್ ಕಲೆಕ್ಟರಿಗೆ, ಅವನಿಂದ ನೀರುಗಂಟಿಗೆ, ಕಟ್ಟಕಡೆಗೆ ತಮಟೆಯವನಿಗೆ. ತಮಟೆಯವನು ಮೂರನೇ ಬೀದಿಯಲ್ಲಿ "ಕೇಳ್ರಪ್ಪೋ ಕೇಳಿ" ಅನ್ನುವಷ್ಟರಲ್ಲಿ ಬೆಂಗಳೂರಿನಲ್ಲಿ ಸಚಿವರೊಬ್ಬರು ಮೈಕಿನ ಮುಂದೆ ಬಂದು ಅದನ್ನು ಬದಲಾಯಿಸಿರುತ್ತಿದ್ದರು. ಮೊದಲೆರಡು ಬೀದಿಯಲ್ಲಿ ಅಂಗಡಿ ಮುಚ್ಚಿದೆ, ಮೂರನೆಯದರಲ್ಲಿ ತೆರೆದಿದೆ.

ಒಂದು ಆದೇಶ ಮಾತ್ರ ಎಲ್ಲೂ ನಿಲ್ಲದೆ ನೇರ ಬಂತು, ಅದನ್ನು ಒಪ್ಪಬೇಕು. 2020ರ ಮೇ 4ಕ್ಕೆ ಮದ್ಯದಂಗಡಿ ತೆರೆಯುತ್ತದೆ ಎಂಬ ಸುದ್ದಿ. ಅದಕ್ಕೆ ತಮಟೆ ಬೇಕಾಗಲಿಲ್ಲ, ಆ್ಯಪು ಬೇಕಾಗಲಿಲ್ಲ. ಮಾರನೇ ದಿನ ಒಂದೇ ದಿನಕ್ಕೆ ರಾಜ್ಯದಲ್ಲಿ 197 ಕೋಟಿ ರೂಪಾಯಿಯ ಮದ್ಯ ಮಾರಾಟವಾಯಿತು. 2021ರ ಏಪ್ರಿಲ್ ಕೊನೆಯಲ್ಲಿ ಮತ್ತೆ ಬೀಗ ಬಿದ್ದಾಗ ತರಕಾರಿ, ದಿನಸಿಗೆ ಬೆಳಗ್ಗೆ 6ರಿಂದ 10. ಪಾರ್ಸಲ್ ಮದ್ಯಕ್ಕೂ ಅದೇ 6ರಿಂದ 10. ಕೋಳಿ ಕೂಗುವ ಹೊತ್ತಿಗೆ ಸ್ನಾನ ಮಾಡಿ ಸಾಲು ನಿಂತ ಗಂಡಸರನ್ನು ಕಂಡು, ಏನೋ ಹರಕೆ ಇರಬೇಕು ಅಂದುಕೊಂಡವರೂ ಇದ್ದರು.

ಶಿಸ್ತು ನೋಡಬೇಕಾದರೆ ಹಾಲಿನ ಡೇರಿಗೆ ಹೋಗಬೇಕಿತ್ತು. ಎಲ್ಲ ನಿಂತರೂ ಹಸು ನಿಲ್ಲುವುದಿಲ್ಲವಲ್ಲ. ಹೊತ್ತಿಗೆ ಹೊತ್ತಿಗೆ ಹಾಲು ಕೊಡುತ್ತದೆ, ಅದನ್ನು ಮನ್‌ಮುಲ್ ವ್ಯಾನಿಗೆ ತುಂಬಲೇಬೇಕು. ಡೇರಿ ಮುಂದೆ ಸುಣ್ಣದಲ್ಲಿ ಅಳತೆಯಿಟ್ಟು ವೃತ್ತ ಬರೆದಿದ್ದರು. ಒಂದೊಂದು ವೃತ್ತಕ್ಕೆ ಒಂದೊಂದು ಹಾಲಿನ ಕ್ಯಾನು, ನಡುವೆ ಆರಡಿ ಅಂತರ. ಕ್ಯಾನುಗಳು ಅಂತರ ಕಾಪಾಡಿಕೊಂಡು ಬಿಸಿಲಲ್ಲಿ ನಿಂತಿರುತ್ತಿದ್ದವು. ಕ್ಯಾನಿನ ಯಜಮಾನರು ಮರದ ನೆರಳಲ್ಲಿ ಹೆಗಲಿಗೆ ಹೆಗಲು ತಾಗಿಸಿ, ಮಾಸ್ಕನ್ನು ಗದ್ದಕ್ಕೆ ಇಳಿಸಿ, ಒಂದೇ ಬೀಡಿ ಹಂಚಿಕೊಂಡು, ಚೈನಾದವರು ಹಾವು ಚೇಳು ತಿಂದು ಲೋಕ ಹಾಳು ಮಾಡಿದ್ದನ್ನು ಚರ್ಚಿಸುತ್ತಿದ್ದರು. ಆ ಕಡೆಯಿಂದ ಒಬ್ಬರು ಬಂದು ಕ್ಯಾನುಗಳ ಫೋಟೊ ತೆಗೆದುಕೊಂಡು ಹೋಗುತ್ತಿದ್ದರು. ಫೋಟೊದಲ್ಲಿ ಶಿಸ್ತು ಪರಿಪೂರ್ಣ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಜನಕ್ಕೆ ಮಾಹಿತಿ ಕೊಡುವುದು ಸ್ಥಳೀಯ ಸರ್ಕಾರದ ಕರ್ತವ್ಯ ಅಂತ ಪುಸ್ತಕದಲ್ಲಿದೆ. ನಡೆದದ್ದು ತಿರುಗುಮುರುಗು. ಮಹಾಮಾರಿಯ ಉದ್ದಕ್ಕೂ ಸರ್ಕಾರಕ್ಕೆ ಮಾಹಿತಿ ಕೊಟ್ಟವರೇ ಜನ. ಮನೆಯಲ್ಲಿ ಎಷ್ಟು ಮಂದಿ, ವಯಸ್ಸಾದವರು ಯಾರು, ಸಕ್ಕರೆ ಕಾಯಿಲೆ ಇದೆಯಾ, ಬಸುರಿ ಇದ್ದಾಳಾ, ಬೆಂಗಳೂರಿಂದ ಮಗ ಬಂದನಾ, ಬಂದವನು ಬೈಕಲ್ಲಿ ಬಂದನಾ ತರಕಾರಿ ಲಾರಿಯಲ್ಲಿ ಬಂದನಾ. ಎಲ್ಲ ಬರೆದುಕೊಂಡು ಹೋದರು. ವಾರ ಬಿಟ್ಟು ಇನ್ನೊಂದು ನಮೂನೆ ಹಿಡಿದು ಬಂದು ಅದನ್ನೇ ಕೇಳಿದರು. ಕ್ವಾರಂಟೈನ್ ವಾಚ್ ಅಂತ ಒಂದು ಆ್ಯಪು ಬಂತು. ಮನೆಯೊಳಗೆ ಕೂತವನು ಗಂಟೆಗೊಂದು ಸೆಲ್ಫಿ ಕಳಿಸಬೇಕು, ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ನಿದ್ದೆಗೆ ವಿನಾಯಿತಿ. ಹೆತ್ತ ತಾಯಿಯೂ ಗಂಟೆಗೊಂದು ಸಲ ಮಗನ ಮುಖ ನೋಡುವುದಿಲ್ಲ, ಸರ್ಕಾರ ನೋಡಿತು. ಊರಿನ ಬಗ್ಗೆ ಸರ್ಕಾರಕ್ಕೆ ಗೊತ್ತಿಲ್ಲದ ಸಂಗತಿ ಉಳಿಯಲಿಲ್ಲ. ಸರ್ಕಾರದ ಬಗ್ಗೆ ಊರಿಗೆ ಒಂದು ಫೋನ್ ನಂಬರ್ ಸಹ ಸರಿಯಾಗಿ ತಿಳಿಯಲಿಲ್ಲ. ಆಪ್ತಮಿತ್ರ 14410, ಆರೋಗ್ಯ ಸಹಾಯವಾಣಿ 104, ಆಂಬುಲೆನ್ಸು 108. ಇವುಗಳ ಮೇಲೆ ಜಿಲ್ಲೆಗೊಂದು ಕಂಟ್ರೋಲ್ ರೂಮು. ಯಾವುದಕ್ಕೆ ಹಚ್ಚೋಣ ಅಂತ ನೆಂಟರಿಗೆ ಫೋನ್ ಮಾಡಿ ಕೇಳಿದರೆ, ಮೊದಲು ಕಾಲರ್ ಟ್ಯೂನಿನಲ್ಲಿ ಒಬ್ಬ ಅಪರಿಚಿತ ನಿಮ್ಮ ಕಿವಿಯಲ್ಲಿ ಕೆಮ್ಮಿ ಆಮೇಲೆ ಕೈ ತೊಳೆಯಿರಿ ಅನ್ನುತ್ತಿದ್ದ.

ಎಲ್ಲಕ್ಕಿಂತ ದೊಡ್ಡ ಸುತ್ತೋಲೆ ಯಾವ ಕಡತದಲ್ಲೂ ಇಲ್ಲದ್ದು: ಫೋಟೊ ತೆಗೆದು ಗ್ರೂಪಿಗೆ ಹಾಕಿ. ಮಾಸ್ಕ್ ಹಂಚಿದಿರಾ, ಫೋಟೊ. ಸಭೆ ಮಾಡಿದಿರಾ, ಫೋಟೊ. ಬೀದಿಗೆ ಔಷಧಿ ಹೊಡೆದಿರಾ, ಫೋಟೊ. ಬೀದಿಗೆ ಸೋಡಿಯಂ ಹೈಪೋಕ್ಲೋರೈಟ್ ಸಿಂಪಡಿಸಿದರೆ ವೈರಸ್ ಸಾಯುವುದಿಲ್ಲ, ಮನುಷ್ಯರ ಆರೋಗ್ಯಕ್ಕೇ ಕೆಟ್ಟದ್ದು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲೇ ಹೇಳಿತ್ತು. ಹೇಳಲಿ. ಟ್ರ್ಯಾಕ್ಟರ್ ಮೇಲೆ ನಿಂತು ಪೈಪಿನಲ್ಲಿ ಹೊಗೆಯಂತೆ ನೀರು ಚಿಮ್ಮಿಸುವಾಗ ಫೋಟೊ ಎಷ್ಟು ಚೆನ್ನಾಗಿ ಬರುತ್ತದೆ ಅಂತ ಜಿನೀವಾದಲ್ಲಿ ಕೂತವರಿಗೇನು ಗೊತ್ತು?

ತಿಳಿವಳಿಕೆ ಕೆಳಗಿನವರಿಗೆ ಬೇಕು ಅಂತ ನಾವು ಅಂದುಕೊಂಡಿದ್ದೆವು. ಮೇಲಿನವರ ಗತಿಯೂ ಅಷ್ಟೇ ಅಂತ ಮಂಡ್ಯ ಬೇಗ ತೋರಿಸಿತು. 2020ರ ಏಪ್ರಿಲ್‌ನಲ್ಲಿ ನಗರದ ಅಂಬೇಡ್ಕರ್ ಭವನದಲ್ಲಿ ಪತ್ರಕರ್ತರಿಗೆ ಕೋವಿಡ್ ಪರೀಕ್ಷೆ ಏರ್ಪಡಿಸಿದ್ದರು. ವಿಧಾನ ಪರಿಷತ್ತಿನ ಸದಸ್ಯರೊಬ್ಬರು ಬಂದು, ತಮ್ಮ ಮನೆ ಹತ್ತಿರ ಇದೆಲ್ಲ ಬೇಡ ಅಂತ ಜಗಳಕ್ಕೆ ನಿಂತರು. ಕೈ ಕೈ ಮಿಲಾಯಿಸಿತು, ಪೊಲೀಸ್ ಕೇಸಾಯಿತು. ಗಂಟಲಿಗೆ ಕಡ್ಡಿ ಹಾಕಿ ತೆಗೆದರೆ ರೋಗ ಬೀದಿಗೆ ಹರಡುವುದಿಲ್ಲ ಅಂತ ಅವರಿಗೆ ಯಾರೂ ತಮಟೆ ಹೊಡೆದು ಸಾರಿರಲಿಲ್ಲ ಅಂತ ಕಾಣುತ್ತದೆ.

ಸುಳ್ಳು ಮಾಹಿತಿಗೂ ಅಧಿಕೃತ ಮಾಹಿತಿಗೂ ವ್ಯತ್ಯಾಸ ತಿಳಿಯದಂತಾದ ದಿನಗಳಿದ್ದವು. 2021ರ ಮೇ 2ರ ರಾತ್ರಿ ಪಕ್ಕದ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿಯಿತು. ಆಕ್ಸಿಜನ್ ಇಲ್ಲದೆ ಸತ್ತವರು ಮೂವರು ಎಂದರು ಆರೋಗ್ಯ ಸಚಿವರು. 24 ಎಂದವು ಪತ್ರಿಕೆಗಳು. ಹೈಕೋರ್ಟ್ ನೇಮಿಸಿದ ಸಮಿತಿ ಲೆಕ್ಕ ಹಾಕಿದಾಗ 36 ಆಯಿತು. ಇದರ ಮೇಲೆ ಹಾಸ್ಯ ಮಾಡುವ ಶಕ್ತಿ ನನಗಿಲ್ಲ.

ಬೆಂಬಲದ ವಿಷಯಕ್ಕೆ ಬರೋಣ. ಹಳ್ಳಿಗಳಲ್ಲಿ ಕೊರೊನಾ ತಡೆಯಲು ಗ್ರಾಮ ಪಂಚಾಯಿತಿಗೊಂದು ಕಾರ್ಯಪಡೆ ಆಯಿತು. 2021ರ ಮೇ 19ರಂದು ಮುಖ್ಯಮಂತ್ರಿ ಯಡಿಯೂರಪ್ಪ ಪ್ಯಾಕೇಜ್ ಘೋಷಿಸಿದಾಗ ಪ್ರತಿ ಪಂಚಾಯಿತಿಗೆ 50,000 ರೂಪಾಯಿ ಅಂದರು. ಒಂದು ಪಂಚಾಯಿತಿಗೆ ಐದಾರು ಸಾವಿರ ಜನ ಅಂದರೂ ತಲೆಗೆ ಎಂಟರಿಂದ ಹತ್ತು ರೂಪಾಯಿ. ಹೋಟೆಲಿನಲ್ಲಿ ಒಂದು ಟೀ, ಅದೂ ಬೈಟು. ಸುಮಾರು 6,000 ಪಂಚಾಯಿತಿಗೆ ಒಟ್ಟು 30 ಕೋಟಿ. ಹಿಂದಿನ ವರ್ಷ ಮೇ 5ರ ಒಂದೇ ದಿನ ಕುಡುಕರು ಕೊಟ್ಟ ದುಡ್ಡಿನಲ್ಲಿ ಆರು ಸಲ ಹಂಚಬಹುದಿತ್ತು. ರಾಜ್ಯದಲ್ಲಿ ದಿನಕ್ಕೆ 50,112 ಪ್ರಕರಣ ಬಂದು ಎರಡನೇ ಅಲೆ ನೆತ್ತಿಗೇರಿದ್ದು 2021ರ ಮೇ 5ಕ್ಕೆ. ದುಡ್ಡಿನ ಘೋಷಣೆ ಅದಾಗಿ ಎರಡು ವಾರಕ್ಕೆ. 'ವೈದ್ಯರ ನಡೆ ಹಳ್ಳಿ ಕಡೆ' ಎಂಬ ಕಾರ್ಯಕ್ರಮ ಹೊರಟದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಪ್ರಾಸ ಸೊಗಸಾಗಿತ್ತು. ಪ್ರಾಸ ಕೂಡಿಸುವುದಕ್ಕೆ ತಡವಾಗಿರಬೇಕು.

ಲಸಿಕೆಗೆ ಹದಿನೆಂಟು ದಾಟಿದವರೆಲ್ಲ ಕೋವಿನ್‌ನಲ್ಲಿ ಹೆಸರು ನೋಂದಾಯಿಸಿ ಅಂದರು. ಆ ಮೇ ತಿಂಗಳಲ್ಲಿ ಅದು ಮಾತಾಡುತ್ತಿದ್ದದ್ದು ಇಂಗ್ಲಿಷು. ನಮ್ಮವರು ಒಟಿಪಿಗೆ ಕಾಯುವಷ್ಟರಲ್ಲಿ ಬೆಂಗಳೂರಿನ ಚುರುಕು ಬೆರಳುಗಳು ಹಳ್ಳಿ ಆಸ್ಪತ್ರೆಯ ಸ್ಲಾಟು ಹಿಡಿದು, ಕಾರಿನಲ್ಲಿ ಬಂದು, ಚುಚ್ಚಿಸಿಕೊಂಡು, ದಾರಿಯಲ್ಲಿ ಮದ್ದೂರು ವಡೆ ತಿಂದು ಹೋದವು. ಸತ್ತ ಮೇಲಿನ ಪರಿಹಾರಕ್ಕೂ ದಾಖಲೆ ಬೇಕು: ದುಡಿಯುವವರನ್ನು ಕಳೆದುಕೊಂಡ ಬಿಪಿಎಲ್ ಕುಟುಂಬಕ್ಕೆ ಒಂದು ಲಕ್ಷ ಅಂತ ಜೂನಿನಲ್ಲಿ ಘೋಷಣೆಯಾಯಿತು. ಪಾಸಿಟಿವ್ ವರದಿ ತನ್ನಿ, ಪಿ ನಂಬರ್ ತನ್ನಿ. ಹಾಸಿಗೆ ಸಿಗದೆ, ಪರೀಕ್ಷೆಯೂ ಆಗದೆ ಹಟ್ಟಿಯಲ್ಲೇ ಉಸಿರು ಬಿಟ್ಟವನು ನಂಬರ್ ಎಲ್ಲಿಂದ ತಂದಾನು? ಬದುಕಿದ್ದಾಗ ಬೇಡವೆಂದರೂ ಹಚ್ಚುತ್ತಿದ್ದ ನಂಬರು ಸತ್ತಾಗ ಬೇಕಾಗಿ ಸಿಗದೆ ಹೋಯಿತು.

ಇಷ್ಟೆಲ್ಲದರ ನಡುವೆ ನಿಜವಾಗಿ ಮನೆ ಬಾಗಿಲಿಗೆ ಬಂದ ಸರ್ಕಾರ ಅಂದರೆ ಆಶಾ ಕಾರ್ಯಕರ್ತೆ. ಕಂಕುಳಲ್ಲಿ ರಿಜಿಸ್ಟರು, ಬಾಯಿಗೆ ಬಟ್ಟೆ, ಕೈಯಲ್ಲಿ ಒಡೆದ ಗಾಜಿನ ಮೊಬೈಲು. ನೋಟ್‌ಬುಕ್ಕಿಗೆ ಒಮ್ಮೆ ಬರೆದು, ಆ್ಯಪಿಗೆ ಒಮ್ಮೆ ತುಂಬಿ, ಗ್ರೂಪಿಗೆ ಒಮ್ಮೆ ಹಾಕಬೇಕು. "ನಿನ್ ಮನೆ ಕಾಯ್ವಾಗ, ದಿನಾ ಬತ್ತೀಯಲ್ಲ, ನೀನೇ ತಂದ್ ಅಂಟಿಸ್ತೀಯ" ಅಂತ ಬೈಸಿಕೊಂಡು, ಅದೇ ಮನೆಗೆ ಸಂಜೆ ಪ್ಯಾರಾಸಿಟಮಾಲ್ ತಂದುಕೊಡಬೇಕು. ಮೆಂಬರ್ ಇಲ್ಲದ ಕಾಲದಲ್ಲಿ ಬೈಗುಳ ತಿನ್ನುವ ಹೊಣೆಯೂ ಅವಳಿಗೇ ಬಂತು. ದೇಶ ಅವಳನ್ನು ಕೊರೊನಾ ವಾರಿಯರ್ ಅಂದಿತು, ಚಪ್ಪಾಳೆ ತಟ್ಟಿತು, ಹೂ ಎರಚಿತು. ರಾಜ್ಯ ಸರ್ಕಾರದ ಗೌರವಧನ ಆಗ ತಿಂಗಳಿಗೆ 4,000 ರೂಪಾಯಿ. 2020ರ ಜುಲೈ 10ರಿಂದ ರಾಜ್ಯದ ಸುಮಾರು 42,000 ಆಶಾಗಳು ಕೆಲಸ ನಿಲ್ಲಿಸಿ 12,000 ಕೊಡಿ ಅಂದರು.

ಆಮೇಲೆ ಯಡಿಯೂರಪ್ಪ ಹೋಗಿ ಬೊಮ್ಮಾಯಿ ಬಂದರು, ಬೊಮ್ಮಾಯಿ ಹೋಗಿ ಸಿದ್ದರಾಮಯ್ಯ ಬಂದರು. ಕೋವಿಡ್ ಖರೀದಿಯಲ್ಲಿ ಯಾರೆಷ್ಟು ತಿಂದರು ಅಂತ ನೋಡಲು ನ್ಯಾಯಮೂರ್ತಿ ಮೈಕೆಲ್ ಕುನ್ಹಾ ಆಯೋಗ ಬಂತು, ವರದಿ ಕೊಟ್ಟಿತು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು, ಚುನಾವಣೆ ವರ್ಷದಿಂದ ವರ್ಷಕ್ಕೆ ಮುಂದಕ್ಕೆ ಹೋಗುತ್ತಲೇ ಇತ್ತು. ಆಗ ಕೊರೊನಾ ಕಾರಣ ಕೊಟ್ಟಿದ್ದರು. ಆಮೇಲೆ ಅದೂ ಬೇಕಾಗಲಿಲ್ಲ. 2025ರ ಜನವರಿಯಲ್ಲಿ ಆಶಾಗಳು ಮತ್ತೆ ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ಅಹೋರಾತ್ರಿ ಕೂತರು. ನಾಲ್ಕನೇ ದಿನ ಭರವಸೆ ಸಿಕ್ಕಿತು: ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10,000. 2020ರಲ್ಲಿ ಕೇಳಿದ್ದಕ್ಕಿಂತ ಎರಡು ಸಾವಿರ ಕಮ್ಮಿ, ನಡುವೆ ಒಂದು ಮಹಾಮಾರಿಯ ಚಾಕರಿ ಪುಕ್ಕಟೆ. ಧರಣಿ ಮುಗಿಸಿ ಮಂಡ್ಯದ ಬಸ್ಸು ಹತ್ತಿದವರ ಮೊಬೈಲು ರಾಮನಗರ ದಾಟುವ ಮೊದಲೇ ಕುಂಯ್‌ಗುಟ್ಟಿರಬೇಕು: ನಾಲ್ಕು ದಿನದ ಬಾಕಿ ಸರ್ವೆ, ನಾಳೆ ಹನ್ನೊಂದರೊಳಗೆ, ಫೋಟೊ ಸಮೇತ.