ಹಣೆಬರಹಕ್ಕೆ ಜಾಗವಿಲ್ಲದ ಇಸ್ಪೀಟು

ಇಸ್ಪೀಟಿನಲ್ಲಿ ಸೋತವರಿಗೆ ನೆಪಗಳ ಬರವಿಲ್ಲ. ರಮ್ಮಿಯಲ್ಲಿ ಸೋತರೆ ‘ಜೋಕರ್ರೇ ಬರಲಿಲ್ಲ ಕಣ್ರೀ’. ಇಪ್ಪತ್ತೆಂಟರಲ್ಲಿ ಸೋತರೆ ‘ಪಾರ್ಟ್ನರ್ ಸರಿಯಿಲ್ಲ’. ಒಬ್ಬರೇ ಕೂತು ಆಡುವ ಸಾಲಿಟೇರ್‌ನಲ್ಲೂ ದಾರಿಯಿದೆ: ಕ್ಲಾಂಡೈಕ್ ಶುರುವಾದಾಗ ಮುಖ ತೋರಿಸುವುದು ಏಳೇ ಎಲೆ, ಮಿಕ್ಕ 45 ಬೋರಲು. ಸೋತರೆ ಹಣೆಬರಹಕ್ಕೆ ನಾಲ್ಕು ಬೈದು ನೆಮ್ಮದಿಯಾಗಿ ಏಳಬಹುದು.

ಈ ನೆಮ್ಮದಿಗೂ ಕಲ್ಲು ಹಾಕಿದ ಆಟ ಫ್ರೀಸೆಲ್. ಇಲ್ಲಿ 52 ಎಲೆಗಳೂ ಮೊದಲೇ ಅಂಗಾತ. ಎಂಟು ಸಾಲು, ಮೊದಲ ನಾಲ್ಕರಲ್ಲಿ ಏಳೇಳು, ಉಳಿದವುಗಳಲ್ಲಿ ಆರಾರು. ಸಾಲಿನಲ್ಲಿ ಕಪ್ಪು ಎಂಟರ ಮೇಲೆ ಕೆಂಪು ಏಳು, ಅದರ ಮೇಲೆ ಕಪ್ಪು ಆರು, ಹೀಗೆ ಇಳಿಸುತ್ತ ಬರಬೇಕು. ಮೇಲೆ ಬಲಗಡೆಯ ನಾಲ್ಕು ಮನೆಗಳಲ್ಲಿ ಆಟಿನ್, ಡೈಮನ್, ಇಸ್ಪೀಟು, ಕ್ಲಾವರ್‌ಗಳನ್ನು ಬೇರೆಬೇರೆಯಾಗಿ ಎಕ್ಕದಿಂದ ರಾಜನವರೆಗೆ ಏರಿಸಿದರೆ ಗೆದ್ದಂತೆ. ಎಡಗಡೆ ನಾಲ್ಕು ಖಾಲಿ ಖಾನೆ, ಒಂದೊಂದಕ್ಕೆ ಒಂದೊಂದೇ ಎಲೆ. ಆಟಕ್ಕೆ ಆ ಹೆಸರು ಬಂದದ್ದೇ ಇವುಗಳಿಂದ, ಆಡುವವರು ಮುಳುಗುವುದೂ ಇವುಗಳಿಂದಲೇ.

ಖಾನೆ ಎಂದರೆ ಕೈಸಾಲ. ಇಸಿದುಕೊಳ್ಳುವಾಗ ಏನೂ ಅನ್ನಿಸುವುದಿಲ್ಲ, ತೀರಿಸುವಾಗ ಗೊತ್ತಾಗುತ್ತದೆ. ‘ಈ ಒಂಬತ್ತು ಅಡ್ಡ ಬಂತು, ಸದ್ಯಕ್ಕೆ ಅಲ್ಲಿಡೋಣ’ ಎಂದು ಒಂದು, ‘ಇದೊಂದು ರಾಣಿ’ ಎಂದು ಇನ್ನೊಂದು. ನಾಲ್ಕೂ ತುಂಬಿದ ಮೇಲೆ ನಮ್ಮ ಚತುರರು ಕನ್ನಡಕ ಒರೆಸಿಕೊಂಡು ಯೋಚಿಸಲು ಕೂರುತ್ತಾರೆ! ಆ ಯೋಚನೆಯನ್ನು ಮೊದಲ ಎಲೆ ಮುಟ್ಟುವ ಮೊದಲು ಮಾಡಿದ್ದರೆ ಕನ್ನಡಕವೂ ಉಳಿಯುತ್ತಿತ್ತು, ಆಟವೂ.

ಕೇಳದಿದ್ದರೂ ಉಪದೇಶ ಮಾಡುವುದು ಇಸ್ಪೀಟಿನವರ ಜನ್ಮಸಿದ್ಧ ಹಕ್ಕಾದ್ದರಿಂದ ಹೇಳುತ್ತೇನೆ. ಮೊದಲು ಕೈ ಕಟ್ಟಿಕೊಂಡು ಎಕ್ಕ, ಎರಡು, ಮೂರು ಎಲ್ಲೆಲ್ಲಿ ಹೂತಿವೆ ನೋಡಿ. ಆಟಿನ್ ಎಕ್ಕ ಆರು ಎಲೆಗಳ ಅಡಿ ಸಿಕ್ಕಿದ್ದರೆ ಆ ಸಾಲೇ ನಿಮ್ಮ ಮೊದಲ ಕೆಲಸ. ಬೇರೆಡೆ ಸುಲಭಕ್ಕೆ ಸಿಗುವ ನಡೆಗಳೆಲ್ಲ ಬರೀ ಆಸೆ ತೋರಿಸುವಂಥವು. ಆಮೇಲೆ, ಒಂದು ಸಾಲನ್ನಾದರೂ ಪೂರ್ತಿ ಖಾಲಿ ಮಾಡಿ. ನಾಲ್ಕು ಖಾನೆ ಖಾಲಿಯಿದ್ದರೆ ಜೋಡಿಸಿದ ಐದು ಎಲೆಗಳನ್ನು ಒಂದು ಸಾಲಿನಿಂದ ಇನ್ನೊಂದಕ್ಕೆ ಸಾಗಿಸಬಹುದು. ಜೊತೆಗೆ ಬೇರೊಂದು ಸಾಲೂ ಖಾಲಿಯಿದ್ದರೆ ಹತ್ತು. ಖಾನೆಗಳೆಲ್ಲ ತುಂಬಿ, ಸಾಲೂ ಖಾಲಿಯಿಲ್ಲದಿದ್ದರೆ ಒಂದೇ ಒಂದು. ಖಾಲಿ ಬಿದ್ದ ಸಾಲಿಗೆ ಸಿಕ್ಕಿದ ಸಣ್ಣ ಎಲೆ ತುರುಕಬೇಡಿ. ರಾಜನನ್ನು ಕೂರಿಸಿದರೆ ಅವನ ಕೆಳಗೆ ಉದ್ದದ ಮೆರವಣಿಗೆಯೇ ಕಟ್ಟಬಹುದು.

ಇದನ್ನು ಮೊದಲು ಕಂಪ್ಯೂಟರಿಗೆ ತಂದವರು ಪಾಲ್ ಆಲ್ಫಿಲ್. 1978ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಎಂಬ ವ್ಯವಸ್ಥೆಗೆ ಬರೆದರು. ಆಗ ಅವರು ವೈದ್ಯಕೀಯ ವಿದ್ಯಾರ್ಥಿ. ಮುಂದೆ ಜಿಮ್ ಹಾರ್ನ್ ಬರೆದ ಆವೃತ್ತಿ ವಿಂಡೋಸ್ 95ರ ಜೊತೆ ಕಚೇರಿ ಕಚೇರಿಗೂ ಹೊಕ್ಕಿತು. ಅದರಲ್ಲಿ ಎಡಬಲದ ಖಾನೆಗಳ ನಡುವೆ ರಾಜನ ಪುಟ್ಟ ಮುಖವಿತ್ತು. ಮೌಸ್ ಹೋದ ಕಡೆ ಅದೂ ತಿರುಗಿ ನೋಡುತ್ತಿತ್ತು. ಸಾಹೇಬರು ರಜೆ ಹಾಕಿದರೂ ಮೇಲ್ವಿಚಾರಣೆ ತಪ್ಪಲಿಲ್ಲ.

ಅದರಲ್ಲಿದ್ದದ್ದು ನಂಬರು ಹಾಕಿದ 32,000 ಆಟ. ಎಲ್ಲವನ್ನೂ ಗೆಲ್ಲಬಹುದೆಂಬ ನಂಬಿಕೆಯಿದೆ, ಸಾಬೀತಾಗಿಲ್ಲ ಎಂದು ಅದರ ಸಹಾಯಪುಟವೇ ಹೇಳುತ್ತಿತ್ತು. ಸಾಬೀತು ಮಾಡಿಯೇ ಬಿಡೋಣ ಎಂದು, ವಿಂಡೋಸ್ 95 ಬರುವ ಮೊದಲೇ, 1994ರಲ್ಲಿ ಡೇವ್ ರಿಂಗ್ ಎಂಬವರು ಆಟಗಳನ್ನು ನೂರು ನೂರರಂತೆ ಆಸಕ್ತರಿಗೆ ಹಂಚಿದರು. ಕೂಲಿಯಿಲ್ಲದ ಕೆಲಸಕ್ಕೆ ಜನರ ಶ್ರದ್ಧೆ ನೋಡಿ, ಒಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಗೆದ್ದರು. ಉಳಿದದ್ದು 11982. ಅದು ಗೆಲ್ಲಲಾಗದ್ದೇ ಎಂದು ಆಮೇಲೆ ಕಂಪ್ಯೂಟರ್‌ಗಳೂ ಕೈಚೆಲ್ಲಿದವು.

ಅಂದರೆ 32,000ದಲ್ಲಿ 31,999 ಸಲ ತಪ್ಪು ನಮ್ಮದೇ. ಆದರೂ ಎದೆಗುಂದಬೇಡಿ, ಒಂದು ನೆಪ ಇನ್ನೂ ಇದೆ. ಸೋತು ಕೂತಾಗ ಯಾರಾದರೂ ವಿಚಾರಿಸಿದರೆ, ‘11982 ಆಡ್ತಿದ್ದೆ’ ಎಂದು ಗಂಭೀರವಾಗಿ ಹೇಳಿ. ಒಂದೇ ಎಚ್ಚರ: ಆಟದ ನಂಬರು ಪರದೆಯ ನೆತ್ತಿಯ ಮೇಲೇ ಬರೆದಿರುತ್ತದೆ, ಸ್ವಲ್ಪ ಅಡ್ಡ ಕೂತುಕೊಳ್ಳಿ.